ವೇದನಾಹರ ಔಷಧಗಳೂ ಜಠರದ ಒಳಪೊರೆಯೂ

ಕೀಲುನೋವು, ತಲೆನೋವುಗಳಿಗಾಗಿ ಸೇವಿಸುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಮಾತ್ರೆಗಳು ಹೊಟ್ಟೆಯನ್ನು ಸುಡುತ್ತವೆಂಬುದು ಲೋಕರೂಢಿಯ ಮಾತು. ಮಾತ್ರೆಯು ಕೆಂಡದಂತೆ ತಾನು ಬಿದ್ದೆಡೆಯನ್ನು ಸುಡುವುದೆಂದೂ, ಉಂಡ ಮೇಲೆ ನುಂಗಿದರೆ ದೋಷವಿಲ್ಲವೆಂದೂ ಜನರು ಭಾವಿಸುವರು. ಈ ಭಾವನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹಾನಿಯ ಮುಖ್ಯ ಮೂಲವಿರುವುದು ಬೇರೊಂದೆಡೆಯಲ್ಲಿ.

ಈ ವರ್ಗದಲ್ಲಿ ಆಸ್ಪಿರಿನ್ನೇ ಹಿರಿಯದು. ವಿಲೋ ಮರದ ತೊಗಟೆಯು ಚಳಿಜ್ವರವನ್ನು ತಗ್ಗಿಸುವುದೆಂದು ಎಡ್ವರ್ಡ್ ಸ್ಟೋನ್ ಎಂಬ ಆಂಗ್ಲ ಪಾದ್ರಿಯು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಮುಂದೆ ಬಳಕೆಗೆ ಬಂದ ಸ್ಯಾಲಿಸಿಲಿಕ್ ಆಮ್ಲವು ಗುಣಕಾರಿಯಾದರೂ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. 1897ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯವರು ಅದಕ್ಕೆ ಅಸಿಟೈಲ್ ಅಂಶವನ್ನು ಕೂಡಿಸಿದರು. 1899ರಲ್ಲಿ ಅದು ಆಸ್ಪಿರಿನ್ ಎಂಬ ಹೆಸರನ್ನು ತಾಳಿತು. ಶಬ್ದನಿಷ್ಪತ್ತಿಯೂ ಸ್ವಾರಸ್ಯವಾದುದೇ: ಆದ್ಯಕ್ಷರವು ಅಸಿಟೈಲಿನದು, ‘ಸ್ಪಿರ್’ ಎಂಬುದು ಈ ಆಮ್ಲವನ್ನು ಕೊಡುತ್ತಿದ್ದ ಸ್ಪೈರಿಯಾ ಗಿಡದ ಹೆಸರಿನಿಂದ ಬಂದುದು. ಹೊಟ್ಟೆಗೆ ಸೌಮ್ಯವೆಂಬ ಅದರ ಕೀರ್ತಿ ಮಾತ್ರ ಬಹುಕಾಲ ನಿಲ್ಲಲಿಲ್ಲ. 1938ರಲ್ಲಿ ಡೌತ್‌ವೇಟ್, ಲಿಂಟಾಟ್ ಎಂಬ ಲಂಡನ್ನಿನ ವೈದ್ಯರು ಜಠರದರ್ಶಕ ಯಂತ್ರದಿಂದ ನೋಡಿ, ಆಸ್ಪಿರಿನ್ ತಗುಲಿದ ಒಳಪೊರೆಯು ಕೆಂಪೇರುವುದನ್ನು ಕಂಡು ಪ್ರಕಟಿಸಿದರು.

ಮಾಂಸವನ್ನು ಕರಗಿಸಬಲ್ಲ ಆಮ್ಲವನ್ನು ಸ್ರವಿಸುವ ಜಠರವು ತಾನೇ ಕರಗಿಹೋಗದಿರುವುದೇಕೆ? ಅದರ ಒಳಪೊರೆಯ ಮೇಲೆ ಲೋಳೆಯ ಹೊದಿಕೆಯಿದೆ. ಅದರಡಿಯಲ್ಲಿ ಆಮ್ಲವನ್ನು ಶಮನಗೊಳಿಸುವ ಬೈಕಾರ್ಬೊನೇಟ್ ಒಸರುತ್ತಿರುತ್ತದೆ. ಧಾರಾಳವಾದ ರಕ್ತಸಂಚಾರವು ಸವೆದ ಕೋಶಗಳ ಸ್ಥಾನದಲ್ಲಿ ಹೊಸವು ಹುಟ್ಟಲು ನೆರವಾಗುತ್ತದೆ. ಈ ಮೂರನ್ನೂ ಪೋಷಿಸುವುವು ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು. ಗಾಯಗೊಂಡ ಕೀಲಿನಲ್ಲಿ ಊತವನ್ನೂ ನೋವನ್ನೂ ಹೆಚ್ಚಿಸುವುವೂ ಇವೇ. ಆಸ್ಪಿರಿನ್ನೂ ಅದರ ಸಜಾತೀಯ ಔಷಧಗಳೂ ಇವುಗಳ ಉತ್ಪತ್ತಿಯನ್ನೇ ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟನು. 1982ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ದೊರೆಯಿತು. ಹೀಗೆ ಔಷಧದ ಗುಣಕ್ಕೂ ದೋಷಕ್ಕೂ ಬೇರು ಒಂದೇ. ರಕ್ತದ ಮೂಲಕವೇ ಈ ಕಾರ್ಯ ನಡೆಯುವುದರಿಂದ, ಸೂಜಿಯಿಂದ ಚುಚ್ಚಿಸಿಕೊಂಡವನ ಜಠರವೂ ಸುರಕ್ಷಿತವಲ್ಲ. ಮಾತ್ರೆಗೆ ಕವಚ ತೊಡಿಸಿದರೂ ಅಪಾಯವು ನೀಗದು. ಸ್ಪರ್ಶದಿಂದಾಗುವ ಹಾನಿಯೂ ಇಲ್ಲದಿಲ್ಲ: ಆಮ್ಲದ ನಡುವೆ ಆಸ್ಪಿರಿನ್ನಿನ ಅಣುವು ಕೋಶದೊಳಕ್ಕೆ ಸುಲಭವಾಗಿ ನುಸುಳಿ, ಅಲ್ಲಿ ವಿದ್ಯುದಂಶವನ್ನು ತಳೆದು, ಹೊರಬರಲಾರದೆ ಸೆರೆಯಾಗುತ್ತದೆ. ಮೇಲಾಗಿ ಅದು ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳನ್ನು ಅವುಗಳ ಆಯುಷ್ಯವಿಡೀ ಅಶಕ್ತಗೊಳಿಸುವುದರಿಂದ, ಆದ ಹುಣ್ಣು ಬೇಗ ಸ್ರವಿಸತೊಡಗುತ್ತದೆ.

ಈ ದ್ರವ್ಯಗಳನ್ನು ಉತ್ಪಾದಿಸುವ ಕಿಣ್ವಗಳು ಎರಡು ಬಗೆಯವೆಂದು 1990ರ ದಶಕದ ಆರಂಭದಲ್ಲಿ ತಿಳಿದುಬಂದಿತು. ಜಠರವನ್ನು ಕಾಯುವುದರಲ್ಲಿ ಪ್ರಧಾನವಾದುದನ್ನು ಬಿಟ್ಟು, ಉರಿಯೂತಕ್ಕೆ ಕಾರಣವಾದುದನ್ನು ಮಾತ್ರ ತಡೆಯುವ ಔಷಧಗಳು ನಿರ್ಮಾಣವಾದುವು. ಹುಣ್ಣುಗಳೇನೋ ಕಡಮೆಯಾದುವು, ಆದರೆ ಅವುಗಳಲ್ಲೊಂದಾದ ರೋಫೆಕಾಕ್ಸಿಬ್ ಹೃದಯಾಘಾತವನ್ನು ಹೆಚ್ಚಿಸುವುದೆಂದು ಕಂಡುಬಂದು, 2004ರಲ್ಲಿ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು.

ಸಣ್ಣಕರುಳಿನ ಸ್ಥಿತಿ ಇನ್ನೂ ತೊಡಕಿನದು. ಡೈಕ್ಲೊಫೆನಾಕ್ ಯಕೃತ್ತಿನಲ್ಲಿ ಬೇರೊಂದು ವಸ್ತುವಿನೊಡನೆ ಕೂಡಿ ಪಿತ್ತರಸದೊಡನೆ ಕರುಳಿಗಿಳಿಯುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಆ ಬಂಧವನ್ನು ಬಿಡಿಸುವುವು. ಔಷಧವು ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುವುದು. ಒಂದೇ ಮಾತ್ರೆ ಹೀಗೆ ಕರುಳನ್ನು ಅನೇಕಾವರ್ತಿ ಸ್ಪರ್ಶಿಸುತ್ತದೆ. ಜಠರದ ರಕ್ಷಣೆಗಾಗಿ ಕೊಡುವ ಒಮೆಪ್ರಜೋಲ್ ಆಮ್ಲವನ್ನು ಕುಗ್ಗಿಸುವುದಾದರೂ, ಆಮ್ಲವೇ ಮುಖ್ಯ ಕಾರಣವಲ್ಲದ ಈ ಭಾಗಕ್ಕೆ ಅದರಿಂದ ಪ್ರಯೋಜನವಿಲ್ಲ.

ವೃದ್ಧರು, ಹಿಂದೆ ಹುಣ್ಣಾಗಿದ್ದವರು, ರಕ್ತವನ್ನು ತೆಳುಗೊಳಿಸುವ ಔಷಧವನ್ನೋ ಸ್ಟಿರಾಯ್ಡನ್ನೋ ಜೊತೆಗೆ ಸೇವಿಸುವವರು—ಇವರಲ್ಲಿ ಅಪಾಯವು ಅಧಿಕ. ನೋವನ್ನಡಗಿಸುವ ಔಷಧವೇ ಹುಣ್ಣಿನ ನೋವನ್ನೂ ಮರೆಮಾಡಬಲ್ಲುದಾದುದರಿಂದ, ಇಂಥವರಲ್ಲಿ ಅನೇಕ ವೇಳೆ ಯಾವ ಮುನ್ಸೂಚನೆಯೂ ಇಲ್ಲದೆ ರಕ್ತಸ್ರಾವವಾಗುತ್ತದೆ. ಡಾಂಬರಿನಂತೆ ಕಪ್ಪಾದ ಮಲವೇ ಅದರ ಮೊದಲ ಕುರುಹಾಗಿರುವುದುಂಟು.