ಮರಳನ್ನು ಹಿಡಿದಿಡುವ ಅಡಂಬು ಬಳ್ಳಿ

ಮಂಗಳೂರು: ಮಳೆಗಾಲ ಬಂತೆಂದರೆ ಕರಾವಳಿಯಲ್ಲಿ ಕಡಲ್ಕೊರೆತದ ಆತಂಕ ಆರಂಭವಾಗುತ್ತದೆ. ಉಳ್ಳಾಲದಂತಹ ಕಡೆಗಳಲ್ಲಿ ತೆಂಗಿನ ಮರಗಳು ಉರುಳುತ್ತವೆ, ದಡದ ಮನೆಗಳು ಅಪಾಯಕ್ಕೆ ಸಿಲುಕುತ್ತವೆ. ಇದಕ್ಕೆ ಪರಿಹಾರವೆಂದರೆ ಬಂಡೆಕಲ್ಲಿನ ತಡೆಗೋಡೆ ಎಂಬ ಭಾವನೆ ಬೇರೂರಿದೆ. ಆದರೆ ಮರಳನ್ನು ದಡದಲ್ಲೇ ಉಳಿಸಿಕೊಳ್ಳುವ ಸಸ್ಯವೊಂದನ್ನು ನಿಸರ್ಗವೇ ಒದಗಿಸಿದೆ. ಅದೇ ಅಡಂಬು ಬಳ್ಳಿ.

ಸಿಹಿಗೆಣಸಿನ ಹತ್ತಿರದ ಸಂಬಂಧಿಯಾದ ಇದರ ಸಸ್ಯಶಾಸ್ತ್ರೀಯ ಹೆಸರು ಐಪೋಮಿಯ ಪೆಸ್-ಕ್ಯಾಪ್ರೆ. ಎಲೆಯ ತುದಿ ಸೀಳಿದ್ದು, ಆಡಿನ ಗೊರಸನ್ನು ಹೋಲುವುದರಿಂದ ಈ ಹೆಸರು. ನಸುನೇರಳೆ ಹೂಗಳು ಬೆಳಿಗ್ಗೆ ಅರಳಿ, ಬಿಸಿಲೇರಿದಂತೆ ಬಾಡುತ್ತವೆ.

ಬಾಳುವ ಬಗೆ

ಕಡಲತೀರದ ಮರಳಿನಲ್ಲಿ ನೀರು ನಿಲ್ಲುವುದಿಲ್ಲ, ಪೋಷಕಾಂಶವೂ ಕಡಿಮೆ. ಜೊತೆಗೆ ಉಪ್ಪು ಗಾಳಿ, ಸುಡುವ ಬಿಸಿಲು. ಅಡಂಬು ಬಳ್ಳಿ ತಾಯಿಬೇರನ್ನು ಆಳಕ್ಕಿಳಿಸಿ ತೇವವನ್ನು ಹುಡುಕುತ್ತದೆ. ಹಬ್ಬುವ ಕಾಂಡದ ಗೆಣ್ಣುಗಳಲ್ಲೂ ಬೇರು ಬಿಡುತ್ತದೆ. ಗಾಳಿ ಹೊತ್ತು ತರುವ ಮರಳು ಎಲೆಗಳ ನಡುವೆ ವೇಗ ಕಳೆದುಕೊಂಡು ಕೆಳಗೆ ಬೀಳುತ್ತದೆ. ಹೂತುಹೋದ ಬಳ್ಳಿ ಮತ್ತೆ ಮೇಲೆ ಚಿಗುರುತ್ತದೆ. ಹೀಗೆ ಮರಳಿನ ದಿಬ್ಬ ಬೆಳೆಯುತ್ತದೆ.

ಈ ದಿಬ್ಬ ದಡದ ಪಾಲಿಗೆ ಠೇವಣಿ ಇದ್ದಂತೆ. ಅಬ್ಬರದ ಅಲೆಗಳು ಮೊದಲು ದಿಬ್ಬದ ಮರಳನ್ನೇ ಒಯ್ಯುತ್ತವೆ. ಕಡಲು ಶಾಂತವಾದಾಗ ಅದರಲ್ಲಿ ಬಹುಪಾಲು ದಡಕ್ಕೆ ಮರಳಬಹುದು.

ನೆಡುವ ಕ್ರಮ

ಗೆಣ್ಣುಗಳಿರುವ ಸುಮಾರು 30 ಸೆಂ.ಮೀ. ಉದ್ದದ ಕಾಂಡದ ತುಂಡುಗಳನ್ನು ಆಯ್ದುಕೊಳ್ಳಬೇಕು. ಮಳೆಯ ಅಬ್ಬರ ಇಳಿದು, ಮರಳಿನಲ್ಲಿ ಇನ್ನೂ ತೇವವಿರುವಾಗ ಎರಡು ಮೂರು ಗೆಣ್ಣುಗಳು ಹೂತುಹೋಗುವಂತೆ ನೆಡಬೇಕು. ಉಬ್ಬರದ ಅಲೆ ತಲುಪದಷ್ಟು ಮೇಲಿನ ಜಾಗವೇ ಸೂಕ್ತ. ಬೇರು ಹಿಡಿಯುವವರೆಗೆ ನೀರು ಬೇಕು, ಅನಂತರ ಆರೈಕೆ ಕಡಿಮೆ. ಬೀಜದ ಸಿಪ್ಪೆ ಬಲು ಗಟ್ಟಿ. ಅದನ್ನು ಉಜ್ಜಿ ತೆಳುವಾಗಿಸಿ, ನೆನೆಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ.

ನೀರಿನ ಕೊರತೆಯನ್ನು ತಾಳುವ ಈ ಬಳ್ಳಿಗೆ ತುಳಿತವೇ ದೊಡ್ಡ ಶತ್ರು. ತೀರದಲ್ಲಿ ವಾಹನ ಓಡಿಸುವುದು, ಸ್ವಚ್ಛತೆಯ ಹೆಸರಿನಲ್ಲಿ ಬಳ್ಳಿ ಕಿತ್ತೆಸೆಯುವುದು ನಿಲ್ಲಬೇಕು. ಕಡಲಾಮೆಗಳು ಮೊಟ್ಟೆಯಿಡುವ ತೀರಗಳಲ್ಲಿ ಒಂದಿಷ್ಟು ಮರಳನ್ನು ಬಯಲಾಗಿಯೇ ಬಿಡುವುದು ಅವಶ್ಯ.

ಮಿತಿಯೂ ಇದೆ

ಬಳ್ಳಿ ಮರಳನ್ನು ಹಿಡಿದಿಡಬಲ್ಲದು, ಸೃಷ್ಟಿಸಲಾರದು. ನದಿಗಳಿಂದ ಬರುವ ಮರಳು ಕಡಿಮೆಯಾದರೆ ಅಥವಾ ಬಂದರಿನ ಅಲೆ ತಡೆಗೋಡೆಗಳು ಅದರ ಚಲನೆಗೆ ಅಡ್ಡಿಯಾದರೆ ಕೊರೆತವನ್ನು ಬಳ್ಳಿಯೊಂದೇ ತಡೆಯದು. ತೀವ್ರ ಕೊರೆತವಿರುವಲ್ಲಿ ನೆಟ್ಟದ್ದೂ ಕೊಚ್ಚಿಹೋಗುತ್ತದೆ. ಆದ್ದರಿಂದ ದಿಬ್ಬ ಇನ್ನೂ ಉಳಿದಿರುವ ತೀರಗಳಲ್ಲೇ ಇದರ ಪ್ರಯೋಜನ ಹೆಚ್ಚು.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಮರಳು ದಿಬ್ಬಗಳನ್ನು ಪರಿಸರ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ದಿಬ್ಬ ಉಳಿಯಬೇಕಾದರೆ ಅದರ ಮೇಲಿನ ಹಸಿರೂ ಉಳಿಯಬೇಕು.