ಹಳೆಯ ಕಾರು: ಎಣ್ಣೆ ಸೋರಿಕೆ ಮತ್ತು ಹೊಗೆ ತಪಾಸಣೆ



ತೇರದಾಳದ ಒಂದು ಅಂಗಳದಲ್ಲಿ ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ನಿಂತಿದೆ ಎಂದಿಟ್ಟುಕೊಳ್ಳಿ. ಅದರಡಿಯಲ್ಲಿ ಎಣ್ಣೆಯ ಕಲೆ. ಹೊಗೆ ತಪಾಸಣೆಯಲ್ಲೂ ಕಾರು ತೇರ್ಗಡೆಯಾಗಿಲ್ಲ. ಇಂಥ ಹೊತ್ತಿನಲ್ಲಿ ‘ಎಂಜಿನ್ ಬಿಚ್ಚಿಸಬೇಕು’ ಎಂಬ ಮಾತು ಬೇಗ ಬರುತ್ತದೆ. ಮನೆಯವರಿಗೆ ಅದು ದೊಡ್ಡ ಖರ್ಚು. ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಎಣ್ಣೆ ಹೊರಗೆ ಸೋರುತ್ತಿದೆಯೋ, ಒಳಗೆ ಉರಿಯುತ್ತಿದೆಯೋ?

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ತಿಳಿಯಬೇಡಿ. ಮೇಲೆ ಒಸರಿದ ಎಣ್ಣೆ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ತಣ್ಣಗಿರುವ ಎಂಜಿನ್ನನ್ನು ಚೆನ್ನಾಗಿ ಒರೆಸಿ, ಒಂದೆರಡು ದಿನ ಓಡಿಸಿದ ಮೇಲೆ ನೋಡಬೇಕು. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಮೊದಲು ಪರೀಕ್ಷಿಸಿರಿ. ಅನೇಕ ವೇಳೆ ಅದು ಬಿಸಿಗೆ ಗಟ್ಟಿಯಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಆಗಿರುತ್ತದೆ. ಬದಲಾಯಿಸುವುದು ಸಣ್ಣ ಕೆಲಸ.

ಹೊಸ ಪ್ಯಾಕಿಂಗ್ ಹಾಕಿದರೂ ಸೋರಿದರೆ? ಪಿಸ್ಟನ್ ಪಕ್ಕದಿಂದ ಸ್ವಲ್ಪ ಅನಿಲ ಸದಾ ಕೆಳಗಿನ ಚೇಂಬರಿಗೆ ನುಸುಳುತ್ತದೆ. ಬ್ರೀದರ್ ಕೊಳವೆ ಅದನ್ನು ಮತ್ತೆ ಎಂಜಿನ್ನಿನ ಗಾಳಿಯ ದಾರಿಗೆ ಒಯ್ಯುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಎಣ್ಣೆ ಸೀಲುಗಳನ್ನು ದಾಟಿ ಬರುತ್ತದೆ. ಆದ್ದರಿಂದ ಸೀಲು ಬದಲಿಸುವ ಮೊದಲೇ ಕೊಳವೆಯನ್ನು ಶುಚಿಗೊಳಿಸಬೇಕು.

ಇನ್ನು ತಪಾಸಣೆ. ಹೊರಗೆ ಸೋರುವ ಎಣ್ಣೆಯಿಂದ ಹೊಗೆಯ ಅಂಕಿ ಏರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಂತೆ, ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 3, ಹೈಡ್ರೋಕಾರ್ಬನ್ ಹತ್ತು ಲಕ್ಷದಲ್ಲಿ 1500 ಭಾಗ ಮೀರಬಾರದು. ಮೊದಲನೆಯದು ಹೆಚ್ಚಿದ್ದರೆ ಪೆಟ್ರೋಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಅರ್ಥ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳನ್ನು ನೆನೆಯಿರಿ. ಮೊದಲು ಏರ್ ಫಿಲ್ಟರ್, ಬಳಿಕ ಕಾರ್ಬ್ಯುರೇಟರ್ ನೋಡಿಸಿರಿ. ಎರಡನೆಯದು ಹೆಚ್ಚಿದ್ದರೆ ಇಂಧನ ಉರಿಯದೆ ಹೊರಬೀಳುತ್ತಿದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ಪರೀಕ್ಷಿಸಬೇಕು. ಎಣ್ಣೆ ಒಳಗೆ ಉರಿದು ಪ್ಲಗ್ಗಿಗೆ ಮಸಿ ಹಿಡಿದಿದ್ದರೂ ಹೀಗಾಗುತ್ತದೆ.

ಎಣ್ಣೆ ಉರಿಯುವುದನ್ನು ಹೊಗೆಯ ಬಣ್ಣ ಹೇಳುತ್ತದೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದುದರ ಗುರುತು. ನೀಲಿ ಹೊಗೆ ಎಣ್ಣೆಯದು. ರಾತ್ರಿಯಿಡೀ ನಿಂತ ಕಾರನ್ನು ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ವಾಲ್ವ್ ಸೀಲು ಸವೆದಿರುತ್ತದೆ. ವೇಗ ಹೆಚ್ಚಿಸಿದಾಗೆಲ್ಲ ಬರುತ್ತಿದ್ದು, ಬ್ರೀದರಿನಿಂದಲೂ ಹೊಗೆ ಉಕ್ಕಿದರೆ ಪಿಸ್ಟನ್ ರಿಂಗುಗಳ ಮೇಲೆ ಸಂಶಯ ಪಡಬೇಕು. ಸಿಲಿಂಡರಿನ ಒತ್ತಡ ಅಳೆಸಿ ನೋಡಿದ ನಂತರವೇ ಎಂಜಿನ್ ಬಿಚ್ಚಿಸುವ ಮಾತು.

ಒಂದು ಎಚ್ಚರಿಕೆ: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಪರೀಕ್ಷಿಸಬೇಡಿರಿ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲದು. ಬಯಲಿನಲ್ಲಿ, ಹಿರಿಯರು ಜೊತೆಗಿರುವಾಗ ಮಾತ್ರ ನೋಡಿರಿ.