ನಿಮಗಿದು ಗೊತ್ತೆ? ಮಾವಿನ ಸೀಮೆಯಲ್ಲಿ ಮಿದುಳಿನ ಅಧ್ಯಯನ

ಕೋಲಾರ ಜಿಲ್ಲೆ ಎಂದರೆ ಕೆಜಿಎಫ್ ಚಿನ್ನ, ಬಂಗಾರಪೇಟೆ ಪಾನಿಪುರಿ ನೆನಪಾಗುತ್ತವೆ. ಇದೇ ಜಿಲ್ಲೆಯ, ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ ಎಂಬ ದೊಡ್ಡ ಅಧ್ಯಯನ 2018ರಲ್ಲಿ ಶುರುವಾಯಿತು. ಹೆಸರು ‘ಸ್ಯಾನ್ಸ್‌ಕಾಗ್’. ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ.

45 ದಾಟಿದ, ಮರೆವಿನ ಕಾಯಿಲೆ ಇಲ್ಲದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವುದು ಗುರಿ. ರಕ್ತ ಪರೀಕ್ಷೆ, ಎಂಆರ್‌ಐ, ವಂಶವಾಹಿ ಪರೀಕ್ಷೆಯ ಜೊತೆಗೆ ನೆನಪು, ಗಮನ, ಮಾತಿನ ಪರೀಕ್ಷೆಗಳೂ ಉಂಟು. ಇಲ್ಲೊಂದು ಸೂಕ್ಷ್ಮವಿದೆ: ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಗೆ ಪೆನ್ನು ಕೊಟ್ಟು ಚಿತ್ರ ಬಿಡಿಸಿ ಎಂದರೆ ಕೈ ತಡವರಿಸುವುದು ಸಹಜ. ಅದನ್ನೇ ಮಿದುಳಿನ ದೋಷವೆಂದು ಬರೆದುಕೊಂಡರೆ ಆಕೆಗೆ ಅನ್ಯಾಯ. ಹಾಗಾಗಿ ನೆನಪು, ಗಮನ ಅಳೆಯುವ ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡಕ್ಕೆ ತಂದು, ಓದುಬರಹ ಬಾರದವರಿಗೂ ಹೊಂದಿಸಲಾಗಿದೆ. ಈ ಅಧ್ಯಯನದ ನಿಜವಾದ ಹೆಚ್ಚುಗಾರಿಕೆ ಇದೇ.

ಅಷ್ಟಕ್ಕೂ ಮಿದುಳಿನ ಎಲ್ಲ ಬದಲಾವಣೆಯೂ ರೋಗವಲ್ಲ: ಆರೋಗ್ಯವಂತರಲ್ಲೂ ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ವಯಸ್ಸಿನೊಂದಿಗೆ ಕೊಂಚ ಕುಗ್ಗುತ್ತದೆ, ಯೋಚನೆಯ ವೇಗ ತಗ್ಗುತ್ತದೆ. ಪದಸಂಪತ್ತು ಮಾತ್ರ ಬಹುಕಾಲ ಉಳಿಯುತ್ತದೆ. ಪರಿಚಿತರ ಹೆಸರು ಥಟ್ಟನೆ ನಾಲಿಗೆಗೆ ಬರಲಿಲ್ಲವೆಂದು ಗಾಬರಿ ಬೇಡ. ಆದರೆ ಬಿಪಿ, ಸಕ್ಕರೆ ಕಾಯಿಲೆ, ಕಿವುಡುತನ ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಇವನ್ನು ನಡುವಯಸ್ಸಿನಲ್ಲೇ ನೋಡಿಕೊಳ್ಳಬೇಕು.